ಅಗಡಿ ದಾರಿಯಲ್ಲಿ ನಿಂತ ಮೋಟಾರು

"ಯವ್ವಾ...!"

ನೀಲವ್ವ ಆರತಿ ತಟ್ಟೆ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದಳು. ಮೋಟಾರಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು!

ಅವಳು ಓಡಬೇಕು ಅನ್ನುವಷ್ಟರಲ್ಲಿ ಆ ಕಾಲುಗಳ ಒಡೆಯ ಜೋರಾಗಿ ಸೀನಿದ. ಮತ್ತೊಮ್ಮೆ ಸೀನಿದ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ, ಚೀಲಗಳ ನಡುವೆ ನೆಲಕ್ಕೆ ಬೆನ್ನು ಹಚ್ಚಿ ಮಲಗಿದವನು ಇನ್ನೇನು ಮಾಡಿಯಾನು?

"ಯಾರದು? ಮದ್ಲ ಹೊರಗ ಬರ್ರಿ!"

ಹೊರಗೆ ಬಂದವನ ಮುಖದ ತುಂಬ ಮಸಿ. ಮೂಗು ಕೆಂಪು, ಕಣ್ಣಲ್ಲಿ ನೀರು. ಆದರೂ ಎಂಥ ಗತ್ತು!

"ಅಂಜಬ್ಯಾಡ್ರಿ. ನಾ ಕೊಟ್ರಪ್ಪ, ಕುಪ್ಪೇಲೂರಾಂವ. ಈ ಮೋಟಾರ್ ಹೊಡ್ಯಾಕ, ನೋಡ್ಕೊಳ್ಳಾಕ ಸಾವ್ಕಾರ್ರು ಕರಸ್ಯಾರ. ಇದರ ಜಡ್ಡು ನನ್ನ ಬಿಟ್ರ ಯಾರಿಗೂ ತಿಳಿಯೂದಿಲ್ಲ."

'ಅಬ್ಬಾ, ಜಂಬ ನೋಡು!' ಅಂದುಕೊಂಡಳು ನೀಲವ್ವ.

ಅದು ೧೯೩೮ನೇ ಇಸವಿ. ಸಾವ್ಕಾರ ಶಂಕ್ರಪ್ಪನ ತಂದೆ ಮುಂಬಯಿಯಿಂದ ತಂದಿದ್ದ ಆ ಮೋಟಾರಿಗೆ ಆಗಲೇ ವಯಸ್ಸಾಗಿತ್ತು. ಹುಡ್ಡಿನ ಬಟ್ಟೆ ಹರಿದಿತ್ತು, ಬಾಗಿಲಿಗೆ ಹಗ್ಗ ಕಟ್ಟಿದ್ದರು. ಆದರೂ ಅದು ಪೇಟೆಯಲ್ಲಿ ಹಾಯ್ದು ಹೋದರೆ ಹಮಾಲರು ಹೊತ್ತ ಚೀಲ ಇಳಿಸಿ ನೋಡುತ್ತ ನಿಲ್ಲುತ್ತಿದ್ದರು. ಶಂಕ್ರಪ್ಪನ ಒಬ್ಬಳೇ ಮಗಳು ನೀಲವ್ವನಿಗಂತೂ ಅದು ದೇವರ ಸಮಾನ. ಅಂದು ಅಮಾವಾಸ್ಯೆ, ಪೂಜೆಗೆಂದೇ ಅವಳು ಗೋದಾಮಿಗೆ ಬಂದಿದ್ದಳು.

"ಪೂಜಿ ಮಾಡ್ರಿ," ಎಂದು ಕೊಟ್ರಪ್ಪ ಪಕ್ಕಕ್ಕೆ ಸರಿದು ನಿಂತ. "ಅದಕ್ಕಿಂತ ಮದ್ಲ ಒಂದು ತೋರಸ್ಲೇನ್ರಿ?"

ಅವನು ಎಂಜಿನ್ನಿನಿಂದ ಒಂದು ಪ್ಲಗ್ಗು ಬಿಚ್ಚಿ, ವೈರಿನ ಸಮೇತ ಕಬ್ಬಿಣದ ಮೇಲೆ ಮಲಗಿಸಿದ. "ಇದನ್ನ ನೋಡ್ಕೋತ ನಿಂದರ್ರಿ. ಮುಟ್ಟಬ್ಯಾಡ್ರಿ ಮತ್ತ!" ಎಂದು ಮುಂದೆ ಹೋಗಿ ಹ್ಯಾಂಡಲ್ ತಿರುವಿದ.

ಟಕ್!

ಗೋದಾಮಿನ ಮಬ್ಬಿನಲ್ಲಿ ನೀಲಿ ಕಿಡಿಯೊಂದು ಹಾರಿತು. ನೀಲವ್ವ ಉಸಿರು ಬಿಗಿಹಿಡಿದಳು. ಎಣ್ಣೆಯಿಲ್ಲ, ಬತ್ತಿಯಿಲ್ಲ, ಬೆಂಕಿಕಡ್ಡಿಯಿಲ್ಲ... ಕಬ್ಬಿಣದ ಹೊಟ್ಟೆಯೊಳಗೆ ಮಿಂಚು! ಅವಳಿಗೆ ಗೊತ್ತಿಲ್ಲದೆಯೇ ಎರಡೂ ಕೈ ಕೂಡಿದವು.

ಇವನು ಈಗ ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ.

"ಹುಬ್ಬಳ್ಳಿ ಗರಾಜಿನ್ಯಾಗ ಮದ್ಲ ನೋಡಿದಾಗ ನಾನೂ ಕೈ ಮುಗದಿದ್ನಿರಿ. ಮೇಸ್ತ್ರಿ ಬೈದ್ರು. ಈಗೂ ದಿನಾ ಒಮ್ಮಿ ಮುಗೀತೇನಿ, ಯಾರೂ ಇಲ್ಲದಾಗ."

ಆ ಮಸಿ ಮುಖ ಅಂದೇ ನೀಲವ್ವನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಆ ವಾರವೇ ಹಾಸಿಗೆ ಹಿಡಿದ ಅಜ್ಜಿ ಸೋಮವ್ವನನ್ನು ನೋಡಿಕೊಳ್ಳಲು ನೀಲವ್ವನ ತಾಯಿ ಅಗಡಿಯಲ್ಲಿದ್ದಳು. ಹೀಗಾಗಿ ಪ್ರತಿ ಸೋಮವಾರ ನೀಲವ್ವನ ಸವಾರಿ ಹಾವೇರಿ ಹಾಯ್ದು ಅಗಡಿಗೆ. ಹಿಂದಿನ ಸೀಟಿನಲ್ಲಿ ಅವಳು, ಮುಂದೆ ಕೊಟ್ರಪ್ಪನ ಪಕ್ಕಕ್ಕೆ ಮನೆಯ ಹಳೇ ಆಳು ನಾಗಪ್ಪ.

ಹೊರಡುವ ಮುಂಚೆ ಅವಳು ಮೋಟಾರಿಗೆ ಕುಂಕುಮ ಹಚ್ಚುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಗಾಜಿನ ಮುಂದೆ, ನಟ್ಟನಡುವೆ, ಪೆಟ್ರೋಲ್ ಟಾಕಿಯ ಹಿತ್ತಾಳೆ ಮುಚ್ಚಳ ಇತ್ತು. ಅವಳ ಪಾಲಿಗೆ ಅದೇ ಮೋಟಾರಿನ ಹಣೆ. ಒಣ ಕುಂಕುಮ ಗಾಳಿಗೆ ಹಾರಿಹೋಗುತ್ತದೆಂದು ಹರಳೆಣ್ಣೆಯಲ್ಲಿ ಕಲಸಿ, ದಪ್ಪಗೆ, ರೂಪಾಯಿಯಗಲ ಇಡುತ್ತಿದ್ದಳು. ಮರುದಿನ ನಾಗಪ್ಪ ಹುಣಸೆಹಣ್ಣು ಹಚ್ಚಿ ಆ ಹಿತ್ತಾಳೆ ತಿಕ್ಕಿ ತೊಳೆಯುತ್ತಿದ್ದ. ಅಪ್ಪನ ತಿರುಗಾಟವೆಲ್ಲ ಪೇಟೆಯ ಅಂಗಡಿಯಿಂದಲೇ ಶುರುವಾಗುತ್ತಿತ್ತು. ಅಲ್ಲಿಗೆ ಹೆಣ್ಣುಮಕ್ಕಳು ಹೋಗುವ ರೂಢಿ ಇರಲಿಲ್ಲ, ಹೀಗಾಗಿ ಆಗ ಕುಂಕುಮದ ಪೂಜೆಯೂ ಇಲ್ಲ.

ಮೊದಲ ಸೋಮವಾರ ಮೋಟೆಬೆನ್ನೂರು ದಾಟುತ್ತಲೇ ಮೋಟಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

ಕೊಟ್ರಪ್ಪ ಇಳಿದ. ಪ್ಲಗ್ಗು ಒರೆಸಿದ. ವೈರು ಎಳೆದು ನೋಡಿದ. ಪೆಟ್ರೋಲ್ ಮುಗಿಯಿತೇನೋ ಎಂದು ಮುಚ್ಚಳ ತೆಗೆದು ಕೋಲು ಇಳಿಬಿಟ್ಟ. ಬೇಕಾದಷ್ಟಿತ್ತು! ಮುಚ್ಚಳ ಹಾಕಿ ಹ್ಯಾಂಡಲ್ ತಿರುವಿದರೆ... ಏನೂ ಆಗಿಯೇ ಇಲ್ಲವೆಂಬಂತೆ ಮೋಟಾರು ಚಾಲೂ!

"ಏನಾಗಿತ್ರಿ?" ಕೇಳಿದಳು ನೀಲವ್ವ.

"ಗೊತ್ತಾಗ್ಲಿಲ್ರಿ," ಅಂದ. ಜಂಬ ಅರ್ಧ ಇಳಿದಿತ್ತು.

ಹಾವೇರಿ ದಾಟಿದ ಮೇಲೆ ಮತ್ತೊಮ್ಮೆ ನಿಂತಿತು. ಮುಂದಿನ ಸೋಮವಾರವೂ ನಿಂತಿತು. ಅದರ ಮುಂದಿನದೂ.

ವಾರದ ನಡುವೆ ಅವನು ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ನಳಿಗೆಗೆ ಬಾಯಿ ಹಚ್ಚಿ ಊದಿದ. ಸಾವ್ಕಾರ ಅದೇ ಮೋಟಾರಿನಲ್ಲಿ ರಾಣೆಬೆನ್ನೂರಿಗೆ ಹೋಗಿಬಂದರೂ ಅದು ಎಲ್ಲೂ ನಿಲ್ಲಲಿಲ್ಲ. ಸೋಮವಾರ ಬಂತೆಂದರೆ ಮುಗಿಯಿತು!

ಆದರೆ ಮೋಟಾರು ನಿಂತಲ್ಲಿ ದಾರಿಬದಿಯ ಆ ಬೇವಿನ ನೆರಳುಗಳು, ಆ ಮಾತುಗಳು... ಅವನು ಕೈ ಕೊಳೆ ಮಾಡಿಕೊಳ್ಳುತ್ತಲೇ ಎಂಜಿನ್ನಿನ ಒಳಗೆ ಏನು ನಡೆಯುತ್ತದೆಂದು ಹೇಳುತ್ತಿದ್ದ. ನೀಲವ್ವ ಕಣ್ಣರಳಿಸಿ ಕೇಳುತ್ತಿದ್ದಳು. ಮೋಟಾರು ನಿಂತರೆ ಸಿಟ್ಟು ಬರಬೇಕಾದ ಹುಡುಗಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು!

ನಾಗಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಒಂದು ದಿನ ಹಿತ್ತಲಲ್ಲಿ ಅವಳನ್ನು ತಡೆದು ಕೇಳಿದ.

"ಯವ್ವಾ, ಅಪ್ಪಾರು ಕುಂತಾಗ ನಿಂದರದ್ದು, ನೀ ಕುಂತಾಗ ಅಷ್ಟ ಯಾಕ ನಿಂದರತೈತಿ? ಅಂವ ಬೇಕಂತ ನಿಂದರಸ್ತಾನ ನೋಡು!"

ನೀಲವ್ವ ಒಳಗೆ ನಡೆದುಬಿಟ್ಟಳು. 'ಛೇ, ಅವರು ಅಂಥವರಲ್ಲ...'

ಆದರೆ ಒಮ್ಮೆ ಹೊಕ್ಕ ಅನುಮಾನ ಸುಮ್ಮನಿರುತ್ತದೆಯೇ? ಮುಂದಿನ ಸೋಮವಾರ ಅವಳು ಕಣ್ಣಿಟ್ಟು ನೋಡಿದಳು. ಮೋಟಾರು ನಿಂತಿತು. ಅವನು ಏನೇನೋ ಮಾಡಿದ, ಚಾಲೂ ಆಗಲಿಲ್ಲ. ಕಡೆಗೆ ಪೆಟ್ರೋಲ್ ಮುಚ್ಚಳವನ್ನು, ಬೆರಳ ತುದಿಯಲ್ಲಿ, ಅಂಚು ಹಿಡಿದು ಬಲು ನಾಜೂಕಾಗಿ ತಿರುವಿ ತೆಗೆದು ಹಾಕಿದ. ಚಾಲೂ!

ಹಾಗಾದರೆ ಗುಟ್ಟೆಲ್ಲ ಆ ಮುಚ್ಚಳದಲ್ಲಿದೆ... ಅಷ್ಟು ನಾಜೂಕಾಗಿ ಹಿಡಿಯುವುದು ಅದಕ್ಕೇ... ಅವನಿಗೆ ಎಲ್ಲಾ ಗೊತ್ತಿದೆ! ತಾನು ಕೈಮುಗಿದು ನಂಬಿದ್ದನ್ನು ಅವನು ಆಟ ಮಾಡಿಕೊಂಡನೇ?

ಅಷ್ಟು ಹೊತ್ತಿಗೆ ನಾಗಪ್ಪ ಸಾವ್ಕಾರನ ಕಿವಿಗೂ ಸುದ್ದಿ ಹಾಕಿಯಾಗಿತ್ತು. ಅಂಗಳದಲ್ಲಿ ಕೊಟ್ರಪ್ಪನನ್ನು ನಿಲ್ಲಿಸಿ, ಶಂಕ್ರಪ್ಪ ಮಗಳನ್ನು ಕರೆದ.

"ಖರೇ ಹೇಳು, ನೀಲಾ. ಇಂವ ಏನ್ ಮಾಡ್ತಾನ?"

"ಎಂಜಿನ್ನಿನ್ಯಾಗ ಏನೂ ಕೆಟ್ಟಿರೂದಿಲ್ಲ, ಯಪ್ಪಾ. ಮುಂದಿನ ಮುಚ್ಚಳಾ ತಗದು ಹಾಕ್ತಾರ... ಚಾಲೂ ಆಗತೈತಿ."

ಶಂಕ್ರಪ್ಪ ಕೊಟ್ರಪ್ಪನ ಕಡೆ ತಿರುಗಿದ. "ನಿಮ್ಮಪ್ಪ ನಮ್ಮಂಗಡಿಗೇ ಮೆಣಸಿನಕಾಯಿ ತರಾಂವ. ಮಂದ್ಯಾಗ ಮಾನವಂತ. ಅಂಥಾವನ ಮಗ ನೀ... ಬೇಕಂತ ಮಾಡಿದೇನ? ಹೇಳು!"

ಕೊಟ್ರಪ್ಪ ಕೈಯ ಮಸಿಯನ್ನು ಅಂಗಿಗೆ ಒರೆಸಿಕೊಂಡ. ಅವನ ಮುಖ ಕೆಂಪಾಯಿತು. 'ಇಲ್ಲ' ಎಂಬ ಒಂದು ಮಾತು ಹೇಳಲಿಲ್ಲ! ಕೆಲಸ ಬಿಟ್ಟು ಹೋಗುವಾಗ ನೀಲವ್ವನ ಕಡೆ ತಿರುಗಿ ಕೇಳಿದ್ದು ಇಷ್ಟೇ.

"ನೀವೂ ಹಂಗ ತಿಳಕೊಂಡ್ರೇನ್ರಿ?"

ಅವಳು ತಲೆ ಎತ್ತಲಿಲ್ಲ. ಅವನು ರಾಣೆಬೆನ್ನೂರಿನ ಒಂದು ಗರಾಜಿಗೆ ಸೇರಿದನೆಂದು ಆಮೇಲೆ ಸುದ್ದಿ ಬಂತು. ಸಾವ್ಕಾರನ ಮಗಳಿಗಾಗಿ ಮೋಟಾರು ಕೆಡಿಸಿದವನು ಎಂಬ ಮಾತೂ ಅವನ ಬೆನ್ನಿಗೇ ಹೋಯಿತಂತೆ.

ಹೊಸ ಡ್ರೈವರ್ ಮಹಮ್ಮದಗೌಸ ನಡುವಯಸ್ಸಿನವನು, ಮಾತು ಕಡಿಮೆ. ಸೋಮವಾರ ನೀಲವ್ವ ಎಂದಿನಂತೆ ಕುಂಕುಮ ಹಚ್ಚಿ ಹತ್ತಿದಳು. ಮೋಟೆಬೆನ್ನೂರು ದಾಟುತ್ತಲೇ...

ಮೋಟಾರು ನಿಂತಿತು!

ಈಗ ಕೊಟ್ರಪ್ಪ ಇಲ್ಲ. ಈತನಿಗೆ ಯಾವ ಆಸೆಯೂ ಇಲ್ಲ. ಹಾಗಾದರೆ...?

ಅವಳು ಕೆಳಗಿಳಿದು ಹತ್ತಿರವೇ ನಿಂತಳು. ಗಾಳಿಯಿಲ್ಲ, ಗಾಡಿಗಳ ಸದ್ದಿಲ್ಲ. ಮಹಮ್ಮದಗೌಸ ಪೆಟ್ರೋಲ್ ನೋಡಲು ಮುಚ್ಚಳ ತಿರುವಿದ.

ಸ್ಸ್ಸ್...

ನೀರಲ್ಲಿ ಮುಳುಗಿದವರು ಮೇಲೆದ್ದು ಉಸಿರೆಳೆದ ಹಾಗೆ! ಅವಳು ಬೆಚ್ಚಿಬಿದ್ದಳು.

"ಅದೇನ್ರಿ ಸಪ್ಪಳ? ಆ ಮುಚ್ಚಳಾ ಇಲ್ಲೆ ಕೊಡ್ರಿ!"

ಮುಚ್ಚಳವನ್ನು ಅಂಗೈ ಮೇಲಿಟ್ಟು ತಿರುಗಿಸಿದಳು. ಒಳಬದಿಯ ನಡುವೆ ಒಂದು ತೂತಿತ್ತು, ಸಾಸಿವೆ ಕಾಳಿನಷ್ಟು. ಮೇಲ್ಗಡೆ? ಮೇಲ್ಗಡೆ ಅವಳ ಕುಂಕುಮ! ಜಡೆಯ ಪಿನ್ನು ಕಿತ್ತು ಕುಂಕುಮದ ನಡುವೆ ಚುಚ್ಚಿದಳು. ಪಿನ್ನು ಆ ಕಡೆ ಹೊರಬಂತು.

"ಹೌದ್ರಿ ಅಕ್ಕಾರ," ಅಂದ ಮಹಮ್ಮದಗೌಸ. "ಒಳಗ ಗಾಳಿ ಹೋಗಾಕ ಬಿಟ್ಟಿರೂ ತೂತದು. ಗಾಳಿ ಹೋಗ್ಲಿಲ್ಲಂದ್ರ ಪೆಟ್ರೋಲ್ ಕೆಳಗ ಇಳಿಯೂದಿಲ್ಲ."

ನೀಲವ್ವ ಆ ದೊಡ್ಡ ಕಬ್ಬಿಣದ ದೇಹವನ್ನು ನೋಡಿದಳು. ಇಷ್ಟು ಬಲದ ಯಂತ್ರ... ಬದುಕುತ್ತಿದ್ದುದು ಇಷ್ಟು ಸಣ್ಣ ಉಸಿರಿನ ಮೇಲೆಯೇ? ಪ್ರತಿ ಸೋಮವಾರ ತಾನೇ ಅದರ ಮೂಗು ಮುಚ್ಚಿ, ಅದು ನಿಂತಾಗ ಅವನ ಮೇಲೆ ತಪ್ಪು ಹೊರಿಸಿದೆನೇ?

ಬೆರಗು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂದವು. ದಾರಿ ಬದಿಯಲ್ಲೇ ಕುಳಿತು ಅತ್ತುಬಿಟ್ಟಳು.

"ಗಾಡಿ ಹೊಳ್ಳಸ್ರಿ. ಮನಿಗೆ ನಡೀರಿ."

ಅಪ್ಪನ ಮುಂದೆ ಮುಚ್ಚಳ ಹಿಡಿದು ನಿಂತಾಗ ಅವಳು ಏನನ್ನೂ ಮುಚ್ಚಿಡಲಿಲ್ಲ.

"ತಪ್ಪು ನಂದು, ಯಪ್ಪಾ. ಅವರ ಮಾನಾ ಹೋತು. ಅವರೆದುರಿಗೆ ನಾನ ಹೇಳಬೇಕು. ಕರಕೊಂಡು ಹೋಗು."

ಶಂಕ್ರಪ್ಪ ಮಗಳ ಮುಖ ನೋಡಿದ. ಆ ಕಣ್ಣೀರು ಬರೀ ಒಬ್ಬ ಡ್ರೈವರನ ಮಾನದ ಸಲುವಾಗಿ ಅಲ್ಲವೆಂದು ಹೆತ್ತವನಿಗೆ ತಿಳಿಯದೇ? ತಲೆಗೆ ಪಟಗಾ ಸುತ್ತಿಕೊಂಡು ಎದ್ದ.

ರಾಣೆಬೆನ್ನೂರಿನ ಗರಾಜಿನ ಮುಂದೆ ಮೋಟಾರು ನಿಂತಾಗ ಕೊಟ್ರಪ್ಪ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಹೊರಬಂದ. ಅವಳನ್ನು ನೋಡಿ ಅಲ್ಲೇ ನಿಂತ. ನೀಲವ್ವ ಸುತ್ತಲಿನ ಮಂದಿಗೆಲ್ಲ ಕೇಳುವಂತೆ ಹೇಳಿದಳು.

"ಮೋಟಾರ್ ನಿಂದರಸ್ತಿದ್ದಾಕಿ ನಾನ್ರಿ. ಇವರಲ್ಲ. ನಾ ಹಚ್ಚಿದ ಕುಂಕುಮ ಗಾಳಿ ತೂತು ಮುಚ್ಚತಿತ್ತು. ತಪ್ಪಾತು."

"ನಂದೂ ತಪ್ಪಾತಪ್ಪಾ," ಅಂದ ಶಂಕ್ರಪ್ಪ. ಪೇಟೆಯಲ್ಲಿ ಯಾರ ಮುಂದೆಯೂ ತಗ್ಗದ ದನಿ ಅಂದು ತಗ್ಗಿತ್ತು. "ನಿಮ್ಮಪ್ಪನ ಭೆಟ್ಟಿ ಆಗೂದೈತಿ. ಕುಪ್ಪೇಲೂರಿಗೆ ಮೋಟಾರ್ ನೀನ ಹೊಡಿ. ಸಂಬಂಧದ ಮಾತಿಗೆ ಬರಿಗೈಲೆ ಹೋಗಬಾರದು, ಸಕ್ಕರಿ, ತೆಂಗಿನಕಾಯಿ ತಗೊಂಡು ಬರ್ತೇನಿ."

ಮಹಮ್ಮದಗೌಸ ಏನೂ ಕೇಳದವನ ಹಾಗೆ ಸಾವ್ಕಾರನ ಹಿಂದೆ ನಡೆದ.

ಕೊಟ್ರಪ್ಪ ನೀಲವ್ವ ಕೊಟ್ಟ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ. ಆ ತೂತಿನಿಂದ ಬಂದ ಬೆಳಕಿನ ಚುಕ್ಕೆ ಅವನ ಕೆನ್ನೆಯ ಮೇಲೆ ಬಿತ್ತು.

"ಎಂಜಿನ್ ಎಲ್ಲಾ ಬಿಚ್ಚಿ ಹಾಕಿದ್ನಿರಿ. ಇದೊಂದು ನೋಡ್ಲಿಲ್ಲ, ದಡ್ಡ ನಾ!"

"ಯಾಕ ನೋಡ್ಲಿಲ್ರಿ?"

ಅವನು ತಲೆ ತಗ್ಗಿಸಿದ. "ನೀವು ಹಚ್ಚಿದ ಕುಂಕುಮ... ಅಳಿಸಬಾರದಂತ ಅಂಚು ಹಿಡದು ತಿರುವತಿದ್ನಿರಿ. ಅದಕ್ಕ ಕೈ ಹಚ್ಚಾಕ ನಂಗ ಮನಸಾಗ್ಲಿಲ್ಲ."

ಆ ನಾಜೂಕು ಅದಕ್ಕಾಗಿಯೇ! ಅವಳು ಮೋಸವೆಂದು ತಿಳಿದದ್ದು... ನೀಲವ್ವನ ಕಣ್ಣುಗಳು ಮತ್ತೆ ತುಂಬಿದವು.

"ಮತ್ತ ಅಪ್ಪ ಕೇಳಿದಾಗ ಇಲ್ಲಂತ ಯಾಕ ಹೇಳ್ಲಿಲ್ರಿ?"

"ಹೆಂಗ ಹೇಳ್ಲಿರಿ? ಬೇಕಂತ ನಿಂದರಸ್ತಿರಲಿಲ್ಲ, ಖರೇ. ಆದ್ರ ನಿಂತಾಗೆಲ್ಲಾ... ಇನ್ನಷ್ಟು ಹೊತ್ತು ಚಾಲೂ ಆಗಬಾರದು ಅಂತಿದ್ದೆ ಒಳಗ. ನಿಮ್ಮ ಮ್ಯಾಲೆ ನಂಗ ಅಷ್ಟು ಜೀವ ಐತ್ರಿ. ಸಾವ್ಕಾರ್ರು ಕೇಳಿದ್ದು ಮೋಟಾರಿಂದು. ನಂಗ ಕೇಳಿಸಿದ್ದು ಮನಸಿಂದು."

ದೂರದಲ್ಲಿ ಅಪ್ಪ ಕೈಯಲ್ಲಿ ಗಂಟು ಹಿಡಿದು ಬರುತ್ತಿರುವುದು ಕಾಣಿಸಿತು. ಕೊಟ್ರಪ್ಪ ಮುಚ್ಚಳ ಬಿಗಿದು, ಹಗ್ಗ ಬಿಚ್ಚಿ ಬಾಗಿಲು ತೆಗೆದ. ನೀಲವ್ವ ಹತ್ತಿ ಕುಳಿತು ಸೆರಗು ಸರಿಮಾಡಿಕೊಂಡಳು.

"ಇವತ್ತ ನಡುವ ನಿಂದರೂದಿಲ್ಲಲ್ರಿ?" ಮೆಲ್ಲಗೆ ಕೇಳಿದಳು.

"ಇಲ್ರಿ. ಇನ್ನ ಎಲ್ಲೂ ನಿಂದರೂದಿಲ್ಲ."

"ಹಂಗಾರ..." ಅವಳ ದನಿ ಅವನಿಗಷ್ಟೇ ಕೇಳಿಸಿತು. "ಸಾವಕಾಶ ಹೊಡೀರಿ."