ಹದಿನೆಂಟರಲ್ಲಿ ಒಂದೇ ಕಥೆ

"ಮಾಸ್ತರ, ಕಥಿ ಕೇಳಾಕ ಬಂದೀರೋ, ನನ್ನ ಮುಖ ನೋಡಾಕ ಬಂದೀರೋ?"

ನಲವತ್ತು ಹುಡುಗಿಯರು ಕಿಸಕ್ಕನೆ ನಕ್ಕರು. ಹಿಂದೆ ಜಮಖಾನೆಯ ಮೇಲೆ ಕಾಲು ಮಡಚಿ ಕೂತಿದ್ದ ಹೇಮಪ್ಪನ ಕಿವಿ ಕೆಂಪಾದವು.

ಅದು ಐವತ್ತಾರನೆಯ ಇಸವಿಯ ಫೆಬ್ರವರಿ. ಹೇಮಪ್ಪ ಮುಂಡರಗಿಯವನು, ಗದಗಿನ ಹೈಸ್ಕೂಲಿನಲ್ಲಿ ಮಾಸ್ತರ. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಬಂದಾಗಿನಿಂದ ಅವನಿಗೆ ಯಾವುದೂ ಬರೀ ಅದಾಗಿ ಕಾಣುತ್ತಿರಲಿಲ್ಲ. ಬಾವಿ ಕಂಡರೆ ತಾಯಿ, ಬೀಗ ಕಂಡರೆ ಭಯ! ಮಕ್ಕಳ ಕಥೆಗಳಲ್ಲಿ ಹೇಳುವವರ ಗುಟ್ಟು ಅಡಗಿರುತ್ತದೆಂದು ನಂಬಿ, ಊರೂರು ತಿರುಗಿ ಕಥೆ ಬರೆದುಕೊಳ್ಳುತ್ತಿದ್ದ. ಹಾಗೆಯೇ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಗೂ ಬಂದಿದ್ದ. ಅವನನ್ನು ಛೇಡಿಸಿದವಳು ಅಲ್ಲಿಯ ಶಿಕ್ಷಕಿ, ನೇಕಾರ ಹನಮಪ್ಪನ ಮಗಳು ಉಡಚವ್ವ.

ಅವಳು ಹೇಳಿದ್ದು ಸುತ್ತಲಿನ ಮಕ್ಕಳಿಗೆಲ್ಲ ಗೊತ್ತಿದ್ದ ಕಥೆ. ಬಾವಿಯ ತಳದ ಅರಮನೆಯಲ್ಲಿ ಒಬ್ಬ ಅರಸುಕುವರಿ. ಮಾತಾಡುವ ಮೀನುಗಳೇ ಅವಳ ಗೆಳತಿಯರು. ರಾಜಕುಮಾರ ಆರು ಬಾಗಿಲು ದಾಟಿ ಬರುತ್ತಾನೆ, ಕುವರಿ ಏಳನೆಯದನ್ನು ತೆಗೆಯುತ್ತಾಳೆ, ಮದುವೆಯಾಗುತ್ತದೆ.

ಉಡಚವ್ವನ ಕಥೆಯಲ್ಲಿ ಮಾತ್ರ ಕುವರಿ ಬಾಗಿಲು ತೆಗೆಯಲಿಲ್ಲ. "ಈಗ ಆಗಂಗಿಲ್ಲ, ಹೋಗಿ ಬಾ" ಎಂದು ಅವನನ್ನು ಕಳಿಸಿಯೇಬಿಟ್ಟಳು! ಹೇಮಪ್ಪ ಸರಸರನೆ ಬರೆದುಕೊಂಡ. ಯಾಕೆಂದು ಕೇಳಲಿಲ್ಲ.

ಅವನು ಹೋದ ಮೇಲೆ ಅವಳಿಗೇಕೋ ತರಗತಿ ಖಾಲಿಯೆನಿಸಿತು. 'ಮತ್ತೊಮ್ಮೆ ಬಂದಾನು...' ಎಂದುಕೊಂಡಳು. ಎಂಟು ತಿಂಗಳು ಕಳೆದರೂ ಬರಲಿಲ್ಲ. ಬಂದದ್ದು ಅವನ ಲೇಖನ.

ಶಿಕ್ಷಕರ ಮಾಸಪತ್ರಿಕೆಯಲ್ಲಿ ಏಳು ಪುಟ! "ಬೆಟಗೇರಿಯ ಇಪ್ಪತ್ತನಾಲ್ಕರ ಅವಿವಾಹಿತ ಶಿಕ್ಷಕಿಯೊಬ್ಬರು ಹೇಳಿದ ಕಥೆಯಲ್ಲಿ, ಮುಚ್ಚಿದ ಬಾಗಿಲು ಅವರ ಸುಪ್ತ ಪುರುಷಭಯವನ್ನು ತೋರಿಸುತ್ತದೆ..." ಹೆಸರು ಹಾಕಿರಲಿಲ್ಲ ನಿಜ. ಹಾಕುವ ಅಗತ್ಯವೂ ಇರಲಿಲ್ಲ, ಅಂಥವಳು ಬೆಟಗೇರಿಯಲ್ಲಿ ಒಬ್ಬಳೇ ಇದ್ದಳು.

ಪಕ್ಕದ ಮನೆಯವರು ಓದಿ ಹೇಳಿದ್ದನ್ನು ಕೇಳಿ ಹನಮಪ್ಪ ಮಗ್ಗ ನಿಲ್ಲಿಸಿದ.

"ಓಣ್ಯಾಗ ತಲಿ ಎತ್ತಾಕ ಆಗವಲ್ತು. ಲಕ್ಷ್ಮೇಶ್ವರದ ಗಂಡಿಗೆ ನಿನ್ನ ಕೊಟ್ಟಬಿಡ್ತೀನಿ. ಸೋಮವಾರ ರಾಜೀನಾಮೆ ಬರದ ಕೊಡು."

"ಅಪ್ಪಾ, ಅದೆಲ್ಲ ಸುಳ್ಳೈತಿ!"

"ಸುಳ್ಳಂತ ಬರದಾಂವ ಬಂದು ಹೇಳ್ಲಿ."

ಮರುದಿನ ಶನಿವಾರ. ಉಡಚವ್ವ ನೆಟ್ಟಗೆ ಗದಗಿನ ಹೈಸ್ಕೂಲಿಗೆ ನಡೆದಳು. ಕನ್ನಡ ನಾಡು ಒಂದಾಗಲು ಇನ್ನು ಹನ್ನೆರಡು ದಿನವಿತ್ತು. ಹೇಮಪ್ಪ ಸ್ಟೂಲು ಹತ್ತಿ, ಗೋಡೆಯ ನಕಾಶೆಯಲ್ಲಿ ಮುಂಡರಗಿಯ ಪಕ್ಕದ ಹೈದರಾಬಾದ್ ರಾಜ್ಯದ ಗಡಿಗೆರೆ ಅಳಿಸಲು ಸುಣ್ಣ ಬಳಿಯುತ್ತಿದ್ದ.

"ನನಗ ಗಂಡಸರ ಭಯ ಐತಿ ಅಂತ ಬರದೀರಲ್ಲ. ಈಗ ಭಯ ಯಾರಿಗೈತಿ ನೋಡ್ರಿ!"

ಅವನು ಇಳಿಯುವಾಗ ಎಡವಿದ.

"ಉಡಚವ್ವಾರ... ಶಾಸ್ತ್ರ ಹಂಗ ಹೇಳ್ತೈತ್ರಿ..."

"ನಿಮ್ಮ ಶಾಸ್ತ್ರಕ್ಕ ಮಂಜವ್ವ ಗೊತ್ತೇನ್ರಿ? ನಮ್ಮ ನಾಕನೇ ಇಯತ್ತೆ ಹುಡುಗಿ. ಹತ್ತು ವರ್ಷದ್ದು. ಸಂಕ್ರಾಂತಿ ಮುಗಿಯೂದ ತಡ, ಲಗ್ನ ಮಾಡಿ ಕಳಿಸಿದ್ರು. ಬರಿಯೋ ಪಾಟಿ ಶಾಲ್ಯಾಗ ಬಿಟ್ಟು ಹೋತು ಕೂಸು. ಅವತ್ತಿಂದ ನನ್ನ ಕಥ್ಯಾಗ ಬಾಗಲ ತಗಿಯಂಗಿಲ್ಲ. ಉಳದ ಹುಡಿಗ್ಯಾರು 'ಈಗ ಆಗಂಗಿಲ್ಲ' ಅನ್ನೂದನ್ನರ ಕಲೀಲಿ ಅಂತ!"

ಹೇಮಪ್ಪನ ಕೈಯ ಕುಂಚದಿಂದ ಸುಣ್ಣ ನೆಲಕ್ಕೆ ತೊಟ್ಟಿಕ್ಕಿತು.

"ನಾ ಕೇಳಬೇಕಿತ್ರಿ..."

"ಕೇಳಲಿಲ್ಲ. ಊರೂರು ತಿರಗಿ ಎಷ್ಟು ಕಥಿ ಕೂಡಿಸೀರಿ?"

"ಹದಿನೆಂಟು."

"ಎಷ್ಟರ ಮ್ಯಾಲ ಬರದೀರಿ?"

"ಒಂದು..."

"ಹದಿನೇಳು ಬಿಟ್ಟು ನಂದ ಯಾಕ? ಇದಕ್ಕ ನಿಮ್ಮ ಶಾಸ್ತ್ರ ಏನಂತೈತಿ?"

ಕೇಳುವಾಗ ಅವಳಲ್ಲಿ ಬರೀ ಸಿಟ್ಟಿತ್ತು. ಅವನ ಕಿವಿ ಮತ್ತೆ ಕೆಂಪಾದದ್ದು ನೋಡಿದ್ದೇ, ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

ಅವನು ಚೀಲದಿಂದ ಕಥೆಯ ವಹಿ ತೆಗೆದು, ಅವಳ ಕಥೆಯ ಪುಟ ತೆರೆದು ಮುಂದಿಟ್ಟ. ಅಂಚಿನಲ್ಲಿ ಸಣ್ಣ ಅಕ್ಷರ: ಹಸಿರು ಬಳೆ. ನಗುವಾಗ ಬಾಯಿಗೆ ಸೆರಗು. ಎಡಗೆನ್ನೆಗೆ ಸೀಮೆಸುಣ್ಣ. ಮತ್ತೆ ಹೋಗಬೇಕು. ಮತ್ತೆ ಹೋಗಬೇಕು.

'ಅಯ್ಯೋ, ಕಾಯ್ದವಳು ನಾನೊಬ್ಬಳೇ ಅಲ್ಲ!'

"ಮತ್ಯಾಕ ಬರಲಿಲ್ಲ?"

"ಧೈರ್ಯ ಆಗ್ಲಿಲ್ರಿ. ಲೇಖನ ಬರ್ಕೋತ ಕುಂತೆ."

ಅವಳ ಕಣ್ಣು ತುಂಬಿದವು. "ಸೋಮವಾರ ನನ್ನ ಶಾಲಿ ಬಿಡಸ್ತಾರ. ಲಕ್ಷ್ಮೇಶ್ವರಕ್ಕ ಕೊಡ್ತಾರಂತ..."

ಹೇಮಪ್ಪ ಅಲ್ಲೇ ಕೂತು ಸಂಪಾದಕರಿಗೆ ಪತ್ರ ಬರೆದ: "ನನ್ನ ಲೇಖನ ತಪ್ಪು. ಭಯವಿದ್ದದ್ದು ಕಥೆ ಹೇಳಿದವರಿಗಲ್ಲ, ಬರೆದುಕೊಂಡವನಿಗೆ." ಕೆಳಗೆ ಪೂರ್ಣ ಹೆಸರು ಹಾಕಿದ.

"ಮೊದ್ಲ ಇದನ್ನ ನಿಮ್ಮ ಅಪ್ಪಾರ ಮುಂದ ಓದ್ತೀನ್ರಿ. ಆಮ್ಯಾಲ... ನಿಮ್ಮನ್ನ ಕೊಡ್ರಿ ಅಂತ ಅವರನ್ನ ಕೇಳ್ತೀನಿ."

"ಅವರನ್ನ ಕೇಳೂದಕ್ಕಿಂತ ಮೊದ್ಲ ನನ್ನ ಕೇಳ್ರಿ."

ಓದಿದ್ದ ಪುಸ್ತಕಗಳ ಒಂದು ಮಾತೂ ಅವನಿಗೆ ನೆನಪಾಗಲಿಲ್ಲ.

"ನನ್ನ ಲಗ್ನ ಆಗ್ತೀರೇನ್ರಿ?"

"ಆಗ್ತೀನಿ. ಶಾಲಿ ಬಿಡಂಗಿಲ್ಲ."

"ಬಿಡಬ್ಯಾಡ್ರಿ."

"ಮತ್ತ... ಇದಕ್ಕೂ ಏನರ ಅರ್ಥ ಹಚ್ಚಿ ಬರಿಯಬ್ಯಾಡ್ರಿ!"

"ಇಲ್ರಿ. ಆಗ್ತೀನಿ ಅಂದ್ರಿ. ನನಗಷ್ಟ ಸಾಕು."