ಡಬ್ಬಿಗೆ ಬಿದ್ದ ವಿಡಿಯೊ

“ಹಿಡ್ಕೋ, ಹಿಡ್ಕೋ! ಚೆಲ್ಲತ್ತೆ!”

ಪೆಂಕಾ ಟೀಚರ್ ಕೀಬೋರ್ಡನ್ನು ತಲೆಕೆಳಗು ಮಾಡಿ ಬೆನ್ನಿಗೆ ಎರಡು ಗುದ್ದು ಕೊಟ್ಟರು. ರೂಮೆನಾ ಕೆಳಗೆ ಹಳೇ ಪೇಪರ್ ಹಿಡಿದಳು. ಸೂರ್ಯಕಾಂತಿ ಬೀಜದ ಸಿಪ್ಪೆ, ಬಾನಿತ್ಸಾ ಎಂಬ ಚೀಸ್ ತುಂಬಿದ ಪದರ ತಿಂಡಿಯ ಪುಡಿ, ಒಂದು ಸ್ಟೇಪ್ಲರ್ ಪಿನ್ನು ಉದುರಿದವು.

“ಸಿಪ್ಪೆ ಯಾರದು ಟೀಚರ್?”

“ನಂದೇ ಕಣೇ. ಯಾರಿಗೂ ಹೇಳ್ಬೇಡ.”

ನಾಳೆಯಿಂದ ಬೇಸಿಗೆ ರಜೆ. ಮೂರು ತಿಂಗಳು ಶಾಲೆಗೆ ಬೀಗ. ಅದಕ್ಕೆ ಮುಂಚೆ ಪ್ರತಿ ಟೀಚರೂ ತಮ್ಮ ಕ್ಲಾಸಿನ ಕಂಪ್ಯೂಟರನ್ನು ತಾವೇ ಕ್ಲೀನ್ ಮಾಡಿಡಬೇಕೆಂದು ಹೆಡ್‌ಮಾಸ್ಟರು ಚೀಟಿ ಹಂಚಿದ್ದರು. ಧೂಳು ಒರೆಸಬೇಕು. ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಬೇಕು, ಬೇಡದ್ದನ್ನು ಡಿಲೀಟ್ ಮಾಡಬೇಕು. ಕೊನೆಗೆ ವೈರುಗಳನ್ನೆಲ್ಲ ಕಿತ್ತಿಡಬೇಕು. ಹೋದ ಬೇಸಿಗೆಯಲ್ಲಿ ಸಿಡಿಲು ಹೊಡೆದು ಎರಡು ಕಂಪ್ಯೂಟರ್ ಸುಟ್ಟುಹೋಗಿದ್ದವು.

ಉಳಿದ ಮಕ್ಕಳೆಲ್ಲ ಹೊರಟುಹೋಗಿದ್ದರು. ರೂಮೆನಾಳ ಅಮ್ಮ ಅಂಚೆ ಕಚೇರಿಯಿಂದ ಬರುವುದು ಒಂದು ಗಂಟೆಗೆ. ಅಲ್ಲಿಯವರೆಗೆ ಅವಳು ಇಲ್ಲೇ.

“ಒಂದೇ ಫೋಟೊ ಎರಡೆರಡು ಸಲ ಇದ್ರೆ ಒಂದನ್ನ ಡಿಲೀಟ್ ಮಾಡ್ತಾ ಹೋಗು. ನಾನು ವೈರ್ ಒರೆಸ್ತೀನಿ,” ಎಂದು ಟೀಚರ್ ಬಟ್ಟೆ ಹಿಡಿದು ಮೇಜಿನ ಕೆಳಗೆ ನುಸುಳಿದರು.

ಕ್ಲಿಕ್, ಕ್ಲಿಕ್. ಫೋಟೊಗಳು ಒಂದೊಂದಾಗಿ ಪರದೆಯ ಮೂಲೆಯಲ್ಲಿದ್ದ ಕಸದ ಡಬ್ಬಿಗೆ ಬಿದ್ದವು. ಆಮೇಲೆ ‘ಅಕ್ಷರ ಹಬ್ಬ’ ಎಂಬ ವಿಡಿಯೊ ಬಂತು.

ಅದರಲ್ಲೇನಿದೆ ಎಂದು ರೂಮೆನಾಳಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಬಲ್ಗೇರಿಯದ ಲಿಪಿಯನ್ನು ಕೊಂಡಾಡುವ ಆ ಹಬ್ಬದ ದಿನ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೂ ಪದ್ಯದ ಒಂದೊಂದು ಸಾಲು ಹೇಳಿದ್ದರು. ಅವಳ ಸರದಿ ಬಂದಾಗ ಸಾಲು ಮರೆತುಹೋಗಿತ್ತು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಇಡೀ ಅಂಗಳ ನಕ್ಕಿತ್ತು. ಅವತ್ತಿನಿಂದ ಅವಳ ಕ್ಲಾಸಿನ ಬೊಯಾನ್ ಅವಳನ್ನು ‘ಮೀನು’ ಎಂದೇ ಕರೆಯುತ್ತಿದ್ದ.

ಮೇಜಿನಡಿಯಿಂದ ಟೀಚರ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಕ್ಲಿಕ್. ವಿಡಿಯೊ ಡಬ್ಬಿಗೆ ಬಿತ್ತು. ರೂಮೆನಾಳಿಗೆ ಎದೆ ಹಗುರಾಯಿತು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಬೊಯಾನ್! ಓಡಿ ಬಂದು ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಪೆನ್‌ಡ್ರೈವ್.

“ಸದ್ಯ, ಇನ್ನೂ ಇದೀರಲ್ಲ ಟೀಚರ್! ಏ ಮೀನು, ನೀನೂ ಇದೀಯಾ?”

“ಏನು ಬೇಕಿತ್ತೋ?” ಟೀಚರ್ ಮೇಜಿನಡಿಯಿಂದ ಎದ್ದುಬಂದರು.

“ಹಬ್ಬದ ವಿಡಿಯೊ. ಭಾನುವಾರ ನಾವು ಸ್ಪೇನಿಗೆ ಹೋಗ್ತೀವಲ್ಲ, ಅಪ್ಪಂಗೆ ತೋರಿಸ್ಬೇಕು. ನಾನು ಪದ್ಯ ಹೇಳಿದ್ದು ಅವ್ನು ನೋಡೇ ಇಲ್ಲ.”

ಅವನಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದ. ಬಲ್ಗೇರಿಯ ಬಿಟ್ಟು ಎರಡು ವರ್ಷವಾಗಿತ್ತು.

ಟೀಚರ್ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದರು. ಡಿಸ್ಕಿನಲ್ಲಿ ಹುಡುಕಿದರು. ಎಲ್ಲೂ ಇಲ್ಲ.

“ಅಯ್ಯೋ, ಕಾಪಿ ಮಾಡೋಕ್ಮುಂಚೆ ನಾನೇ ಅಳಿಸಿಬಿಟ್ನೇನೋ. ಕಣ್ಣು ಮಂಜು, ಕೈ ಅವಸರ. ತಪ್ಪಾಯ್ತು ಮಗಾ.”

“ಪರ್ವಾಗಿಲ್ಲ ಟೀಚರ್.” ಬೊಯಾನ್ ಪೆನ್‌ಡ್ರೈವನ್ನು ಜೇಬಿಗೆ ತುರುಕಿದ. ಅದು ಸರಿಯಾಗಿ ಒಳಗೆ ಹೋಗಲಿಲ್ಲ. ತಲೆ ಬಗ್ಗಿಸಿಕೊಂಡು ಅದನ್ನೇ ತಳ್ಳುತ್ತಾ ನಿಂತ.

ರೂಮೆನಾ ಟೀಚರ ತೋಳು ಮುಟ್ಟಿದಳು.

“ಟೀಚರ್... ಡಬ್ಬೀಲಿ ನೋಡಿ.”

“ಡಬ್ಬೀಲಿ ಯಾಕಿರತ್ತೆ?”

“ನಾನೇ ಹಾಕ್ದೆ.”

“ಓ, ಎರಡು ಸಲ ಇದೆ ಅಂದ್ಕೊಂಡ್ಯಾ?”

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇಲ್ಲ,” ಎಂದಳು ರೂಮೆನಾ.

ಟೀಚರ್ ಅವಳತ್ತ ಒಮ್ಮೆ ನೋಡಿ ಡಬ್ಬಿ ತೆರೆದರು. ವಿಡಿಯೊ ಡಬ್ಬಿಯಿಂದ ಎದ್ದು ತನ್ನ ಜಾಗಕ್ಕೆ ಬಂತು. ಮೊದಲು ಡಿಸ್ಕಿಗೆ, ಆಮೇಲೆ ಪೆನ್‌ಡ್ರೈವಿಗೆ ಕಾಪಿ ಆಗತೊಡಗಿತು. ಬೊಯಾನನ ಕಿವಿ ಕೆಂಪಾಗಿತ್ತು.

“ನಿನ್ನ ಭಾಗ ಕಟ್ ಮಾಡ್ತೀನಿ,” ಎಂದ ಮೆಲ್ಲಗೆ. “ಅಕ್ಕನ ಫೋನಲ್ಲಿ ಆಗತ್ತೆ.”

“ಬೇಡ. ನನ್ನ ಬೆನ್ನಿಗೇ ನಿನ್ನ ಸಾಲು ಇರೋದು. ಅರ್ಧಂಬರ್ಧ ಆಗತ್ತೆ.”

ಅವನು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಹೊರಟುಹೋದ.

“ಇನ್ನು ಡಬ್ಬಿ ಖಾಲಿ ಮಾಡ್ಬಿಡು. ಸ್ವಿಚ್ ಆಫ್ ಮಾಡೋಣ,” ಎಂದರು ಟೀಚರ್.

ರೂಮೆನಾ ಒತ್ತಿದಳು. ಕಂಪ್ಯೂಟರ್ ಕೇಳಿತು: ನೂರ ಹದಿನೆಂಟು ಫೈಲುಗಳನ್ನು ಶಾಶ್ವತವಾಗಿ ಅಳಿಸಲೇ?

ಅವಳು ‘ಬೇಡ’ ಒತ್ತಿದಳು.

“ಯಾಕೇ, ಏನಾಯ್ತು?”

“ಒಂದ್ನಿಮಿಷ ಟೀಚರ್.”

ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ರೂಮೆನಾ ಡಬ್ಬಿಯಲ್ಲಿದ್ದ ಫೋಟೊಗಳನ್ನು ಮೊದಲಿನಿಂದ ಒಂದೊಂದೇ ನೋಡತೊಡಗಿದಳು, ಯಾವುದರಲ್ಲಿ ಯಾರಿದ್ದಾರೆ, ಅವರು ಕೇಳಿಕೊಂಡು ಬಂದರೆ ಕೊಡಲು ಇನ್ನೊಂದು ಪ್ರತಿ ನಿಜವಾಗಿ ಉಳಿದಿದೆಯೇ ಎಂದು.