ಹನ್ನೆರಡು ಬೆರಳಿನ ಮಾಯಾವಿಯ ಮೂರು ಲೆಕ್ಕ

ನಿಮ್ಮ ಮುತ್ತಜ್ಜಿಗೆ ಹಾಲುಹಲ್ಲೂ ಮೂಡದ ಕಾಲದ ಮಾತು. ಮಿಣುಕಾವತಿ ಎಂಬ ರಾಜ್ಯದ ಹೆಬ್ಬಾಗಿಲಲ್ಲಿ ಒಬ್ಬ ಮಾಯಾವಿ ಬಂದು ಕೂತ. ಒಂದೊಂದು ಕೈಗೂ ಆರಾರು ಬೆರಳು! ದಾಟುವವರಿಗೆ ಮೂರು ಲೆಕ್ಕ ಕೇಳುತ್ತಿದ್ದ. ಒಂದು ತಪ್ಪಿದರೂ ಕಲ್ಲಾಗಬೇಕು. ಮೂರೂ ಸರಿಯಾದರೆ ತಾನೇ ತೊಲಗುವೆನೆಂದು ಆಣೆಯಿಟ್ಟಿದ್ದ.

ಅರಮನೆಯ ಲೆಕ್ಕದ ಮೇಷ್ಟ್ರು ಸೋಮಯ್ಯ ಮೀಸೆ ತಿರುವುತ್ತಾ ಹೋದ.

"ಒಂದು, ಎರಡು, ಮೂರು, ನಾಲ್ಕು, ಎಲ್ಲ ಗುಣಿಸು. ಕೊನೆಗೆ ಎಷ್ಟು ಸೊನ್ನೆ?" ಎಂದ ಮಾಯಾವಿ.

"ಇಪ್ಪತ್ನಾಲ್ಕಕ್ಕೆ ಎಲ್ಲಿಯ ಸೊನ್ನೆಯೋ, ಮಂಕೆ!" ಎಂದು ನಕ್ಕ ಸೋಮಯ್ಯ. ನಕ್ಕ ಬಾಯಿ ನಕ್ಕ ಹಾಗೇ ಕಲ್ಲಾಯಿತು.

ಅವನ ಹೆಂಡತಿ ಮಲ್ಲಾಜಿ ಬಳೆಗಾರರ ಮಗಳು. ಅತ್ತಳು, ಮೂಗು ಒರೆಸಿಕೊಂಡಳು, ಹೊರಟಳು. ಗಂಡನ ಕಲ್ಲುಕೆನ್ನೆ ಸವರಿ, ಮಾಯಾವಿಯ ಕೈ ದಿಟ್ಟಿಸಿದಳು. ಅಯ್ಯೋ, ಎಲ್ಲರೂ ತಮ್ಮ ಹತ್ತು ಬೆರಳು ನೋಡಿಕೊಂಡೇ ಕೆಟ್ಟರಲ್ಲ! ನಾವು ಎಣಿಸುವುದು ಹತ್ತರ ಕಟ್ಟಿನಲ್ಲಿ; ಇವನು ಕಟ್ಟು ಕಟ್ಟುವುದು ಹನ್ನೆರಡರಲ್ಲಿ, ಬಳೆಗಾರರ ಹಾಗೆ.

ಮಾಯಾವಿ ಅದೇ ಲೆಕ್ಕ ಕೇಳಿದ.

"ಇಪ್ಪತ್ನಾಲ್ಕು ಬಳೆ ಅಂದ್ರೆ ಎರಡು ಡಜನ್. ಬಿಡಿ ಬಳೆ ಒಂದೂ ಉಳಿಯಲ್ಲ. ನಿನ್ನ ಎಣಿಕೆಯಲ್ಲಿ ಬಿಡಿಯ ಜಾಗಕ್ಕೆ ಒಂದು ಸೊನ್ನೆ," ಎಂದಳು ಮಲ್ಲಾಜಿ.

"ಸರಿ, ಆರರವರೆಗೆ ಗುಣಿಸು!"

"ಏಳುನೂರ ಇಪ್ಪತ್ತು. ಅಂದ್ರೆ ಅರವತ್ತು ಡಜನ್, ಬಿಡಿ ಬಳೆ ಇಲ್ಲ. ಪೆಟ್ಟಿಗೆಗೆ ಹನ್ನೆರಡು ಡಜನ್ ತುಂಬಿದ್ರೆ ಸರಿಯಾಗಿ ಐದು ಪೆಟ್ಟಿಗೆ, ಬಿಡಿ ಡಜನ್ನೂ ಇಲ್ಲ. ಎರಡು ಸೊನ್ನೆ."

ಮಾಯಾವಿ ಹಲ್ಲು ಕಡಿದ. ಎಡಗೈಯ ಐದು ಬೆರಳು ಪಟಪಟನೆ ಕಿತ್ತು ನುಂಗಿಯೇ ಬಿಟ್ಟ! "ಈಗ ಹೇಳು, ಅದೇ ಲೆಕ್ಕ!"

ಎರಡು ಎನ್ನಲು ಬಾಯಿ ತೆರೆದವಳು ಗಕ್ಕನೆ ನಿಂತಳು. ಉಳಿದ ಬೆರಳು ಎಣಿಸಿದಳು. ಏಳು.

"ಹನ್ನೆರಡನ್ನ ಮೂರೂ ನಾಲ್ಕೂ ಸೇರಿ ಮಾಡ್ತವೆ. ಏಳನ್ನ ಏಳೇ ತರಬೇಕು ಕಣೋ! ಒಂದರಿಂದ ಆರರವರೆಗೆ ಯಾರ ಹತ್ತಿರ ಇದೆ ಅದು? ಏಳರ ಕಟ್ಟು ಕಟ್ಟಿದ್ರೆ ಆರು ಬಳೆ ಬಿಡಿಯಾಗೇ ಉಳಿಯುತ್ತೆ. ಒಂದು ಸೊನ್ನೆಯೂ ಇಲ್ಲ, ಹೋಗಾಚೆ!"

ಮಾಯಾವಿ ಬುಸ್ಸೆಂದು ಹೊಗೆಯಾಗಿ ಹೋದ. ಕಲ್ಲಾದವರೆಲ್ಲ ಸೀನುತ್ತಾ, ಮೈಮುರಿಯುತ್ತಾ ಎದ್ದರು. ಸೋಮಯ್ಯ ಕಣ್ಣುಜ್ಜಿಕೊಂಡು, "ಎಷ್ಟು ಸೊನ್ನೆಯೇ?" ಎಂದ.

"ಸೊನ್ನೆಗೆ ಬೆಂಕಿ ಬೀಳ! ನೀವು ಉಳಿದಿರಲ್ಲ, ಅಷ್ಟು ಸಾಕು," ಎಂದು ಮಲ್ಲಾಜಿ ಅವನ ಎದೆಗೆ ಹಣೆ ಹಚ್ಚಿ ಅತ್ತಳು. ಎದೆ ಬೆಚ್ಚಗಿತ್ತು, ಡವಡವ ಅನ್ನುತ್ತಿತ್ತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಊರಿಗೆ ಊರೇ ಅಂದು ಪಾಯಸ ಉಂಡಿತು. ಆ ಗಂಡಹೆಂಡಿರೂ ಕೂದಲು ನರೆಯುವವರೆಗೆ ಜಗಳವಾಡುತ್ತಾ, ನಗುತ್ತಾ, ಸುಖವಾಗಿ ಬಾಳಿದರು.